ಹುಂಡಿಗೆ ತೆರಿಗೆ ಇಲ್ಲ, ಮೈಕಿಗೆ ಮಿತಿ ಇದೆ: ಅಮೆರಿಕದ ಚರ್ಚು ಮತ್ತು ಚುನಾವಣೆ



ಇವತ್ತಿನ ವಿಷಯ ಮೊದಲ ಕೇಳುವಿಕೆಗೆ ಸ್ವಲ್ಪ ಒಣ ಅನ್ನಿಸಬಹುದು. ಅಮೆರಿಕದ ಆದಾಯ ತೆರಿಗೆ ಕಾನೂನಿನ ಒಂದೇ ಒಂದು ವಾಕ್ಯದ ಬಗ್ಗೆ ನಾನು ಮಾತಾಡ್ತೀನಿ. ಆ ವಾಕ್ಯದ ಸಾರ ಇಷ್ಟೇ: ತೆರಿಗೆ ವಿನಾಯಿತಿ ಪಡೆದಿರುವ ಚರ್ಚು, ದೇವಸ್ಥಾನ, ಮಸೀದಿ, ಶಾಲೆ, ದತ್ತಿ ಸಂಸ್ಥೆ, ಯಾವುದೇ ಆಗಿರಲಿ, ಚುನಾವಣೆಗೆ ನಿಂತ ಅಭ್ಯರ್ಥಿಯ ಪರವಾಗಿ ಅಥವಾ ವಿರುದ್ಧವಾಗಿ ಪ್ರಚಾರ ಮಾಡುವ ಹಾಗಿಲ್ಲ. 1954ರಲ್ಲಿ ಸೇರಿದ ಈ ಮಾತಿಗೆ ಎಪ್ಪತ್ತು ವರ್ಷ ತುಂಬಿ ಆಯ್ತು. ಅಲ್ಲಿ ಇದನ್ನ ಜಾನ್ಸನ್ ತಿದ್ದುಪಡಿ ಅಂತಾರೆ. 2025ರ ಜುಲೈನಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ, ಅಂದ್ರೆ ಐಆರ್‌ಎಸ್ಸೇ, ಕೋರ್ಟಿಗೆ ಹೋಗಿ 'ಚರ್ಚಿನೊಳಗಿನ ಮಾತಿಗೆ ಇದು ಅನ್ವಯ ಆಗಲ್ಲ' ಅನ್ನೋ ಅರ್ಥದ ಕಾಗದಕ್ಕೆ ಸಹಿ ಹಾಕಿತು. ಕಾನೂನನ್ನ ಕಾಯಬೇಕಾದವರೇ ಕಾನೂನು ಸಡಿಲ ಮಾಡಿ ಅಂತ ಕೇಳಿದ ಹಾಗೆ. ಈ ಕಥೆ ಹೇಗೆ ಇಲ್ಲಿಗೆ ಬಂತು ಅನ್ನೋದನ್ನ ನೋಡೋಣ.

ಮೊದಲು ದುಡ್ಡಿನ ವಿಷಯ. ಅದು ಅರ್ಥ ಆಗದೆ ಮುಂದಿನದು ಯಾವುದೂ ಅರ್ಥ ಆಗಲ್ಲ.

ಅಮೆರಿಕದ ತೆರಿಗೆ ಕಾನೂನಿನಲ್ಲಿ 501(ಸಿ)(3) ಅಂತ ಒಂದು ವಿಭಾಗ ಇದೆ. ಅದರೊಳಗೆ ಬರುವ ಸಂಸ್ಥೆ ತನ್ನ ಆದಾಯಕ್ಕೆ ತೆರಿಗೆ ಕಟ್ಟಬೇಕಿಲ್ಲ. ಇದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಆ ಸಂಸ್ಥೆಗೆ ದಾನ ಕೊಟ್ಟವರು ಆ ಮೊತ್ತವನ್ನ ತಮ್ಮ ಆದಾಯದಿಂದ ಕಳೆದು ತೋರಿಸಿ ತೆರಿಗೆ ಉಳಿಸಬಹುದು. ನಮ್ಮಲ್ಲಿ 80ಜಿ ರಸೀದಿ ಕೇಳ್ತೀವಲ್ಲ, ಆ ಥರ. ಈಗ ಇದನ್ನ ಇನ್ನೊಂದು ಕಡೆಗೆ ಹೋಲಿಸಿ. ಅಮೆರಿಕದಲ್ಲಿ ನೀವು ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ದುಡ್ಡು ಕೊಟ್ರೆ ಅದಕ್ಕೆ ಒಂದು ಪೈಸೆ ತೆರಿಗೆ ರಿಯಾಯಿತಿಯೂ ಇಲ್ಲ. ಸಂಸತ್ತು ಅಥವಾ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗೆ ಒಬ್ಬ ವ್ಯಕ್ತಿ ಎಷ್ಟು ಕೊಡಬಹುದು ಅನ್ನೋದಕ್ಕೂ ಮಿತಿ ಇದೆ. 2024ರ ಚುನಾವಣೆಯಲ್ಲಿ ಅದು 3,300 ಡಾಲರ್ ಇತ್ತು. ಒಂದು ಹಂತ ದಾಟಿದರೆ ಕೊಟ್ಟವರ ಹೆಸರು, ಉದ್ಯೋಗ ಎಲ್ಲಾ ಸಾರ್ವಜನಿಕ.

ಚರ್ಚಿಗೆ ಕೊಟ್ಟ ಕಾಣಿಕೆಗೆ ಇಂಥ ಮಿತಿ ಇಲ್ಲ, ಹೆಸರು ಹೊರಗೆ ಬರೋದೂ ಇಲ್ಲ. ಬೇರೆ ದತ್ತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಫಾರ್ಮ್ 990 ಅನ್ನೋ ಲೆಕ್ಕಪತ್ರ ಸಲ್ಲಿಸಬೇಕು. ಚರ್ಚುಗಳಿಗೆ ಅದರಿಂದಲೂ ವಿನಾಯಿತಿ. ಅರ್ಜಿ ಹಾಕಿ ವಿನಾಯಿತಿ ಕೇಳಬೇಕಾದ ಅಗತ್ಯವೂ ಅವಕ್ಕಿಲ್ಲ, ತಾನಾಗಿಯೇ ಸಿಗುತ್ತೆ. ಅಮೆರಿಕದಲ್ಲಿ ವರ್ಷಕ್ಕೆ ಧರ್ಮದ ಹೆಸರಲ್ಲಿ ಕೊಡುವ ದಾನ 2023ರ ಲೆಕ್ಕದಲ್ಲಿ ಸುಮಾರು 14,500 ಕೋಟಿ ಡಾಲರ್. ಅಲ್ಲಿ ಜನ ಕೊಡುವ ಎಲ್ಲಾ ದಾನದಲ್ಲಿ ಹೆಚ್ಚುಕಡಿಮೆ ಕಾಲು ಭಾಗ.

ಈಗ ನಿಮಗೆ ಗೊತ್ತಾಗಿರುತ್ತೆ ನಾನು ಎಲ್ಲಿಗೆ ಬರ್ತಿದೀನಿ ಅಂತ. ಈ ಎರಡು ಕೊಳಾಯಿಗಳ ಮಧ್ಯೆ ಇರೋ ಒಂದೇ ಗೋಡೆ ಆ 1954ರ ವಾಕ್ಯ.

ಅದನ್ನ ಬರೆಸಿದ್ದು ಲಿಂಡನ್ ಜಾನ್ಸನ್. ಮುಂದೆ ಅಧ್ಯಕ್ಷ ಆದ್ರಲ್ಲ, ಅವರೇ. ಆಗ ಅವರು ಟೆಕ್ಸಾಸ್‌ನ ಸೆನೆಟರ್, ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ನಾಯಕ. 1948ರಲ್ಲಿ ಅವರು ಪಕ್ಷದ ಟಿಕೆಟ್ ಗೆದ್ದದ್ದು ಬರೀ 87 ಓಟಿನಲ್ಲಿ, ಅದೂ ಕಳ್ಳ ಓಟಿನ ಆರೋಪದ ಮಧ್ಯೆ. 'ಲ್ಯಾಂಡ್‌ಸ್ಲೈಡ್ ಲಿಂಡನ್' ಅಂತ ಜನ ಗೇಲಿ ಮಾಡ್ತಿದ್ರು. 1954ರಲ್ಲಿ ಮತ್ತೆ ಚುನಾವಣೆ. ಅದು ಕಮ್ಯುನಿಸ್ಟರ ಭಯ ಹಬ್ಬಿದ್ದ ಕಾಲ, ಮೆಕಾರ್ಥಿ ಕಾಲ. ತೈಲ ಕುಬೇರ ಎಚ್.ಎಲ್. ಹಂಟ್ ದುಡ್ಡಿನಲ್ಲಿ ನಡೀತಿದ್ದ ಫ್ಯಾಕ್ಟ್ಸ್ ಫೋರಮ್ ಅನ್ನೋ ಸಂಸ್ಥೆ, ನ್ಯೂಯಾರ್ಕಿನ ಇನ್ನೊಂದು ಬಲಪಂಥೀಯ ಸಮಿತಿ, ಇವು ತೆರಿಗೆ ವಿನಾಯಿತಿ ಇಟ್ಟುಕೊಂಡೇ ಜಾನ್ಸನ್ ವಿರುದ್ಧ ಪ್ರಚಾರ ಸಾಮಗ್ರಿ ಹಂಚ್ತಿದ್ವು. ಜಾನ್ಸನ್ ಏನು ಮಾಡಿದ್ರು? ದೊಡ್ಡ ತೆರಿಗೆ ಮಸೂದೆ ಸೆನೆಟ್‌ನಲ್ಲಿ ಚರ್ಚೆಗೆ ಬಂದಿತ್ತು. ಜುಲೈ 2ರಂದು ಎದ್ದು ನಿಂತು ಒಂದು ಸಣ್ಣ ತಿದ್ದುಪಡಿ ಮಂಡಿಸಿದ್ರು. ಚರ್ಚೆ ನಡೆಯಲಿಲ್ಲ, ಧ್ವನಿಮತದಲ್ಲಿ ಪಾಸು. ಆಗಸ್ಟ್‌ನಲ್ಲಿ ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ರು.

ಗಮನಿಸಿ, ಅವರ ಗುರಿ ಚರ್ಚು ಆಗಿರಲೇ ಇಲ್ಲ. ತಮ್ಮ ಕುರ್ಚಿ ಉಳಿಸಿಕೊಳ್ಳೋಕೆ ಶತ್ರುಗಳ ಖಜಾನೆಗೆ ಬೀಗ ಹಾಕಿದ್ರು. ಚರ್ಚುಗಳೂ ಅದೇ ವಿಭಾಗದಲ್ಲಿ ಇದ್ದ ಕಾರಣ ಬೀಗ ಅವಕ್ಕೂ ಬಿತ್ತು. ಇದನ್ನ ವಿರೋಧಿಸುವವರು ಈ ಕಥೆಯನ್ನ ಯಾವಾಗಲೂ ಮುಂದಿಡ್ತಾರೆ: ನೋಡಿ, ಹುಟ್ಟೇ ಸ್ವಾರ್ಥದ್ದು ಅಂತ. ನನಗೆ ಆ ವಾದ ಅಷ್ಟು ರುಚಿಸಲ್ಲ. ಒಳ್ಳೆ ಕಾನೂನೆಲ್ಲಾ ಒಳ್ಳೆ ಮನಸ್ಸಿನಿಂದಲೇ ಹುಟ್ಟಬೇಕು ಅಂದ್ರೆ ಯಾವ ದೇಶದಲ್ಲೂ ಹೆಚ್ಚು ಕಾನೂನು ಉಳಿಯಲ್ಲ.

ಸರಿ, ಏನು ಮಾಡಬಾರದು, ಏನು ಮಾಡಬಹುದು? ಇಲ್ಲೇ ಜನಕ್ಕೆ ತಪ್ಪು ಕಲ್ಪನೆ ಜಾಸ್ತಿ. 'ಅಮೆರಿಕದಲ್ಲಿ ಪಾದ್ರಿಗಳು ರಾಜಕೀಯ ಮಾತಾಡೋ ಹಾಗೇ ಇಲ್ವಂತೆ' ಅಂತ ಹೇಳೋರನ್ನ ನಾನು ತುಂಬಾ ಕೇಳಿದೀನಿ. ಹಾಗಿಲ್ಲ. ಗರ್ಭಪಾತ, ಯುದ್ಧ, ವಲಸೆ, ಬಡತನ, ಮರಣದಂಡನೆ, ಯಾವುದರ ಬಗ್ಗೆ ಬೇಕಾದ್ರೂ ಉಪದೇಶ ಕೊಡಬಹುದು. ಒಂದು ಮಸೂದೆ ಬೇಕು ಅಥವಾ ಬೇಡ ಅಂತ ಒತ್ತಾಯ ಮಾಡಬಹುದು, ಅದು ಸಂಸ್ಥೆಯ ಕೆಲಸದಲ್ಲಿ ದೊಡ್ಡ ಪಾಲು ಆಗದಿದ್ರೆ ಸಾಕು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹ ನಿಷೇಧಿಸುವ ಪ್ರಪೋಸಿಷನ್ 8 ಅನ್ನೋ ಜನಮತಗಣನೆ ಬಂದಾಗ ಮಾರ್ಮನ್ ಚರ್ಚು ಬಹಿರಂಗವಾಗಿ ಅದರ ಪರ ನಿಂತಿತು. ಅದಕ್ಕೆ ಟೀಕೆ ಬೇಕಾದಷ್ಟು ಬಂತು, ಆದರೆ ಈ ನಿಯಮ ಅಡ್ಡ ಬರಲಿಲ್ಲ. ಯಾಕಂದ್ರೆ ಅಲ್ಲಿ ಓಟು ಒಂದು ವಿಷಯಕ್ಕೆ, ಅಭ್ಯರ್ಥಿಗೆ ಅಲ್ಲ.

ಮತದಾರರ ಪಟ್ಟಿಗೆ ಹೆಸರು ಸೇರಿಸೋ ಅಭಿಯಾನ ಮಾಡಬಹುದು. ಪೂಜೆ ಮುಗಿದ ಮೇಲೆ ವ್ಯಾನಿನಲ್ಲಿ ಜನರನ್ನ ಮತಗಟ್ಟೆಗೆ ಕರ್ಕೊಂಡು ಹೋಗಬಹುದು. ಎಲ್ಲಾ ಅಭ್ಯರ್ಥಿಗಳನ್ನೂ ಸಮಾನವಾಗಿ ಕರೆದು ಚರ್ಚೆ ಏರ್ಪಡಿಸಬಹುದು. ಮಾಡಬಾರದ್ದು ಒಂದೇ: ಸಂಸ್ಥೆಯ ಹೆಸರಲ್ಲಿ, ಸಂಸ್ಥೆಯ ವೇದಿಕೆಯಲ್ಲಿ, ಸಂಸ್ಥೆಯ ದುಡ್ಡಲ್ಲಿ 'ಇವರಿಗೆ ಓಟು ಹಾಕಿ' ಅಥವಾ 'ಇವರಿಗೆ ಹಾಕಬೇಡಿ' ಅನ್ನೋದು.

ಪಾದ್ರಿ ಮನುಷ್ಯ ತಾನೇ? ಅವನ ಸ್ವಂತ ಅಭಿಪ್ರಾಯ? ಅದಕ್ಕೂ ಜಾಗ ಇದೆ. 2007ರಲ್ಲಿ ಐಆರ್‌ಎಸ್ 21 ಉದಾಹರಣೆಗಳ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಒಂದು ಸನ್ನಿವೇಶ ನೋಡಿ. ಒಬ್ಬ ಪಾದ್ರಿ ಅಭ್ಯರ್ಥಿಯ ಪ್ರಚಾರ ಕಚೇರಿಗೆ ಹೋಗಿ, ಪತ್ರಿಕಾಗೋಷ್ಠಿಯಲ್ಲಿ ನಿಂತು, ಇವರನ್ನೇ ಮತ್ತೆ ಆರಿಸಿ ಅಂತಾನೆ. ಮರುದಿನ ಪೇಪರಿನ ಮುಖಪುಟದಲ್ಲಿ 'ಇಂಥ ಚರ್ಚಿನ ಪಾದ್ರಿ' ಅಂತ ಸುದ್ದಿ. ತಪ್ಪೇ? ಅಲ್ಲ. ಚರ್ಚಿನ ಕಾರ್ಯಕ್ರಮ ಅಲ್ಲ, ಚರ್ಚಿನ ಪತ್ರಿಕೆ ಅಲ್ಲ, ಚರ್ಚಿನ ದುಡ್ಡು ಅಲ್ಲ. ಅದೇ ಮಾತನ್ನ ಭಾನುವಾರದ ಉಪದೇಶದ ಮಧ್ಯೆ ಹೇಳಿದ್ರೆ ತಪ್ಪು. ಪಾದ್ರಿ ತಾನೇ ಚುನಾವಣೆಗೆ ನಿಲ್ಲಬಹುದು ಕೂಡ. ಮಾರ್ಟಿನ್ ಲೂಥರ್ ಕಿಂಗ್ ಉಪದೇಶ ಮಾಡ್ತಿದ್ದ ಅಟ್ಲಾಂಟಾದ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ ಪಾದ್ರಿ ರಫಾಯೆಲ್ ವಾರ್ನಾಕ್ ಜಾರ್ಜಿಯಾದ ಸೆನೆಟರ್ ಆದ್ರು, ಪಾದ್ರಿಯಾಗಿಯೂ ಮುಂದುವರಿದ್ರು.

ನಮ್ಮ ದೇಶದ ಜೊತೆ ಹೋಲಿಸಬೇಕು ಅನ್ನಿಸ್ತಿದ್ರೆ, ಒಂದೇ ಮಾತು. ನಮ್ಮಲ್ಲಿ ದಾರಿ ಬೇರೆ. 1951ರ ಜನಪ್ರತಿನಿಧಿ ಕಾಯ್ದೆ ಧರ್ಮದ ಹೆಸರಲ್ಲಿ ಓಟು ಕೇಳೋದನ್ನ ಭ್ರಷ್ಟ ಆಚರಣೆ ಅನ್ನುತ್ತೆ, ಅಭ್ಯರ್ಥಿಯ ಗೆಲುವೇ ರದ್ದಾಗಬಹುದು. ಧಾರ್ಮಿಕ ಸಂಸ್ಥೆಯ ಜಾಗವನ್ನ ರಾಜಕೀಯಕ್ಕೆ ಬಳಸಿದ್ರೆ ಶಿಕ್ಷೆ ಅಂತ 1988ರ ಇನ್ನೊಂದು ಕಾಯ್ದೆ ಇದೆ. ಅಂದ್ರೆ ಇಲ್ಲಿ ಅದು ಅಪರಾಧದ ಭಾಷೆ. ಅಮೆರಿಕದಲ್ಲಿ ಅದು ವ್ಯವಹಾರದ ಭಾಷೆ: ವಿನಾಯಿತಿ ಬೇಕಾ, ಪ್ರಚಾರ ಬಿಡು, ಪ್ರಚಾರ ಬೇಕಾ, ವಿನಾಯಿತಿ ಬಿಡು. ಎರಡೂ ದೇಶದಲ್ಲಿ ಪಾಲನೆ ಎಷ್ಟು ಅಂತ ನನ್ನ ಕೇಳಬೇಡಿ, ಇವತ್ತಿನದು ಅಮೆರಿಕದ ಕಥೆ.

ಆ ವ್ಯವಹಾರ ನಿಜಕ್ಕೂ ಮುರಿದು ಬಿದ್ದದ್ದು ಒಂದೇ ಒಂದು ಸಲ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಹತ್ತಿರ ಪಿಯರ್ಸ್ ಕ್ರೀಕ್ ಅನ್ನೋ ಚರ್ಚು. 1992ರ ಅಕ್ಟೋಬರ್ 30. ಮತದಾನಕ್ಕೆ ನಾಲ್ಕು ದಿನ ಬಾಕಿ. 'ಯುಎಸ್‌ಎ ಟುಡೇ' ಮತ್ತು 'ವಾಷಿಂಗ್ಟನ್ ಟೈಮ್ಸ್' ಎರಡರಲ್ಲೂ ಪೂರ್ತಿ ಪುಟದ ಜಾಹೀರಾತು: ಕ್ರೈಸ್ತರೇ ಎಚ್ಚರ, ಬಿಲ್ ಕ್ಲಿಂಟನ್‌ಗೆ ಹೇಗೆ ಓಟು ಹಾಕ್ತೀರಿ ಅನ್ನೋ ಧಾಟಿ. ಕೆಳಗೆ ಚರ್ಚಿನ ಹೆಸರು. ಅದರ ಜೊತೆಗೇ, ಕೇಳಿ ಇದನ್ನ, ಈ ಜಾಹೀರಾತಿಗೆ ತೆರಿಗೆ ರಿಯಾಯಿತಿ ಸಿಗುವ ದೇಣಿಗೆ ಸ್ವೀಕರಿಸ್ತೀವಿ ಅನ್ನೋ ಸೂಚನೆ, ವಿಳಾಸ ಸಮೇತ!

ನಾನು ಮೊದಲು ಇದನ್ನ ಓದಿದಾಗ ಜೋರಾಗಿ ನಕ್ಕಿದ್ದೆ. ಅವರು ಕಾನೂನು ಮುರಿದದ್ದಷ್ಟೇ ಅಲ್ಲ, ಕಾನೂನು ಯಾಕಿದೆ ಅನ್ನೋದನ್ನ ದೇಶಕ್ಕೆಲ್ಲ ಪಾಠ ಮಾಡಿದ್ರು. ಜಾಹೀರಾತಿಗೆ ಕಾಣಿಕೆ ಬಂತು. 1995ರಲ್ಲಿ ಐಆರ್‌ಎಸ್ ಮಾನ್ಯತೆ ರದ್ದು ಮಾಡಿತು. ಚರ್ಚು ಕೋರ್ಟಿಗೆ ಹೋಯ್ತು, ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ. 2000ದಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಇಲಾಖೆಯ ಪರವಾಗಿ ತೀರ್ಪು ಕೊಟ್ಟಿತು. ನಿಮ್ಮ ನಂಬಿಕೆಯನ್ನ ಯಾರೂ ತಡೀತಿಲ್ಲ, ನಿಮ್ಮ ಮಾತಿಗೆ ಬೇರೆ ದಾರಿ ಇದೆ ಅಂತ ಹೇಳಿತು. ಬೇರೆ ದಾರಿ ಅಂದ್ರೆ, ದಾನಿಗಳಿಗೆ ರಿಯಾಯಿತಿ ಸಿಗದ ಇನ್ನೊಂದು ಸಂಸ್ಥೆ ಕಟ್ಟಿ, ಅದರ ಕೆಳಗೆ ರಾಜಕೀಯ ನಿಧಿ ಇಟ್ಟು, ಅದರ ಮೂಲಕ ಪ್ರಚಾರ ಮಾಡೋದು. ಇನ್ನೊಂದು ಮಾತನ್ನೂ ಆ ಕೋರ್ಟು ಸೇರಿಸಿತು: ಈ ರದ್ದತಿಯ ಪರಿಣಾಮ ಬಹುಮಟ್ಟಿಗೆ ಸಾಂಕೇತಿಕ. ಪ್ರಚಾರ ನಿಲ್ಲಿಸಿದ್ರೆ ಮತ್ತೆ ವಿನಾಯಿತಿ ಪಡೆಯೋಕೆ ಅಡ್ಡಿ ಇಲ್ಲ ಅಂತ. ಅಂದ್ರೆ ಶಿಕ್ಷೆ ಬಿದ್ದ ಒಂದೇ ಪ್ರಕರಣದಲ್ಲೂ ಶಿಕ್ಷೆ ಹಗುರ.

ಅದಾದ ಮೇಲೆ? ಅದಾದ ಮೇಲಿನದು ಒಂಥರಾ ಕಣ್ಣಾಮುಚ್ಚಾಲೆ.

2004ರ ಅಕ್ಟೋಬರ್ 31, ಭಾನುವಾರ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಆಲ್ ಸೇಂಟ್ಸ್ ಚರ್ಚು, ಉದಾರವಾದಿ ಚರ್ಚು. ನಿವೃತ್ತ ಪಾದ್ರಿ ಜಾರ್ಜ್ ರೀಗಸ್ ಒಂದು ಉಪದೇಶ ಕೊಟ್ರು. ಬುಷ್ ಮತ್ತು ಕೆರ್ರಿ ಜೊತೆ ಯೇಸು ಒಂದೇ ವೇದಿಕೆಯಲ್ಲಿ ಚರ್ಚೆಗೆ ಕೂತಿದ್ರೆ ಹೇಗಿರ್ತಿತ್ತು ಅನ್ನೋ ಕಲ್ಪನೆ. ಯಾರಿಗೆ ಓಟು ಹಾಕಬೇಕು ಅಂತ ನಾನು ಹೇಳಲ್ಲ ಅಂದ್ರು. ಆದ್ರೆ ಇರಾಕ್ ಯುದ್ಧವನ್ನ ಯೇಸುವಿನ ಬಾಯಲ್ಲಿ ಚೆನ್ನಾಗಿಯೇ ಝಾಡಿಸಿದ್ರು. ಮುಂದಿನ ವರ್ಷ ಐಆರ್‌ಎಸ್ ಪತ್ರ ಬಂತು. ಚರ್ಚು ಸಮನ್ಸಿಗೆ ಉತ್ತರ ಕೊಡಲ್ಲ ಅಂತ ನಿರಾಕರಿಸಿತು. ಎರಡು ವರ್ಷ ಎಳೆದಾಡಿ, 2007ರಲ್ಲಿ ಇಲಾಖೆ ಕಡತ ಮುಚ್ಚಿತು. ಹೇಗೆ ಗೊತ್ತಾ? ನೀವು ನಿಯಮ ಮುರಿದಿದ್ದೀರಿ, ಆದ್ರೆ ಕ್ರಮ ತಗೊಳ್ಳಲ್ಲ ಅಂತ. ಎಲ್ಲಿ ಮುರಿದೆವು ಅನ್ನೋದಕ್ಕೆ ವಿವರಣೆ ಇಲ್ಲ.

ಒಂದು ವರ್ಷ ಬಿಟ್ಟು, 2008ರ ಸೆಪ್ಟೆಂಬರ್‌ನಲ್ಲಿ, ಈ ಕಡೆ ಸಂಪ್ರದಾಯವಾದಿಗಳ ಸರದಿ. ಒಂದು ಕಾನೂನು ಸಂಘಟನೆಯ ಕರೆಗೆ 33 ಪಾದ್ರಿಗಳು ಒಂದೇ ಭಾನುವಾರ ಬೇಕಂತಲೇ ನಿಯಮ ಮುರಿದ್ರು. ಅಭ್ಯರ್ಥಿಗಳ ಹೆಸರು ಹಿಡಿದು ಉಪದೇಶ ಕೊಟ್ಟು, ಅದನ್ನ ತಾವಾಗಿಯೇ ಐಆರ್‌ಎಸ್‌ಗೆ ಕಳಿಸಿದ್ರು. ಬನ್ನಿ, ಕೇಸು ಹಾಕಿ, ಕೋರ್ಟಲ್ಲೇ ತೀರ್ಮಾನ ಆಗಲಿ ಅನ್ನೋ ಸವಾಲು. ಮುಂದಿನ ವರ್ಷಗಳಲ್ಲಿ ಈ ಭಾನುವಾರಕ್ಕೆ ಸಾವಿರಕ್ಕೂ ಹೆಚ್ಚು ಪಾದ್ರಿಗಳು ಸೇರಿದ್ರು. ಐಆರ್‌ಎಸ್ ಬಾಗಿಲು ತೆಗೆಯಲೇ ಇಲ್ಲ.

ಯಾಕೆ ಅನ್ನೋದಕ್ಕೆ ಒಂದು ಕಾರಣ ನಮ್ಮ ತಾಲೂಕು ಕಚೇರಿ ನೋಡಿದವರಿಗೆ ತಕ್ಷಣ ಅರ್ಥ ಆಗುತ್ತೆ. 1984ರ ಕಾನೂನಿನ ಪ್ರಕಾರ ಚರ್ಚಿನ ತೆರಿಗೆ ವಿಚಾರಣೆ ಶುರು ಮಾಡಬೇಕಾದ್ರೆ ಉನ್ನತ ದರ್ಜೆಯ ಅಧಿಕಾರಿಯೊಬ್ಬರು ಲಿಖಿತವಾಗಿ ಕಾರಣ ಕೊಡಬೇಕು. 1998ರಲ್ಲಿ ಇಲಾಖೆಯನ್ನ ಪುನರ್ರಚನೆ ಮಾಡಿದಾಗ ನಿಯಮದಲ್ಲಿ ಹೆಸರಿಸಿದ್ದ ಹುದ್ದೆಯೇ ಮಾಯ ಆಯ್ತು! ಕೆಳಗಿನ ಅಧಿಕಾರಿಯೊಬ್ಬರು ಸಹಿ ಹಾಕ್ತಾ ಬಂದ್ರು. 2009ರಲ್ಲಿ ಮಿನ್ನೆಸೋಟದ ಒಂದು ಚರ್ಚಿನ ಪ್ರಕರಣದಲ್ಲಿ ಫೆಡರಲ್ ಕೋರ್ಟು, ಈ ಸಹಿ ಸಾಕಾಗಲ್ಲ, ದರ್ಜೆ ಕಮ್ಮಿ ಅಂತ ಹೇಳಿತು. ಅದಾದ ಮೇಲೆ ಹಲವು ವರ್ಷ ಇಂಥ ವಿಚಾರಣೆಗಳು ಬಹುತೇಕ ನಿಂತುಹೋದ್ವು. ಸೀಲು ಹಾಕೋ ಸಾಹೇಬರಿಲ್ಲ ಅಂತ ಕಾನೂನೇ ಮಲಗಿತು.

ಇದರಿಂದ ಆದ ಅನ್ಯಾಯ ಏನು ಅಂದ್ರೆ, ನಿಯಮ ಪಾಲಿಸೋರು ಬಾಯಿ ಮುಚ್ಚಿಕೊಂಡಿರ್ತಾರೆ, ಮುರಿಯೋರಿಗೆ ಏನೂ ಆಗಲ್ಲ. ವಕೀಲರನ್ನ ಇಟ್ಟುಕೊಳ್ಳೋಕೆ ಆಗದ ಸಣ್ಣ ಚರ್ಚು ಒಂದು ಪತ್ರಕ್ಕೇ ಹೆದರುತ್ತೆ. ದೊಡ್ಡದು ವಿಡಿಯೋ ಮಾಡಿ ಕಳಿಸುತ್ತೆ. ಪ್ರೊಪಬ್ಲಿಕಾ ಮತ್ತು ಟೆಕ್ಸಾಸ್ ಟ್ರಿಬ್ಯೂನ್ ಪತ್ರಕರ್ತರು 2022ರಲ್ಲಿ ಚರ್ಚುಗಳ ಉಪದೇಶದ ವಿಡಿಯೋಗಳನ್ನ ಕೂತು ನೋಡಿ, ಬಹಿರಂಗವಾಗಿ ಅಭ್ಯರ್ಥಿಗಳನ್ನ ಬೆಂಬಲಿಸಿದ ಹಲವು ಪ್ರಕರಣ ಪತ್ತೆ ಹಚ್ಚಿದ್ರು. ಎಲ್ಲಾ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೇ ಇತ್ತು.

ಮತ್ತೆ, ಇದು ಬರೀ ಬಲಪಂಥೀಯರ ಕಥೆ ಅಂತ ತಿಳ್ಕೋಬೇಡಿ. ಕಪ್ಪು ಜನರ ಚರ್ಚುಗಳಿಗೆ ರಾಜಕೀಯದ ಜೊತೆ ಬೇರೆಯದೇ ನಂಟು. ಗುಲಾಮಗಿರಿಯ ಕಾಲದಿಂದ, ಓಟಿನ ಹಕ್ಕೇ ಇಲ್ಲದಿದ್ದ ಕಾಲದಿಂದ, ಅವರಿಗೆ ಸೇರೋಕೆ ಇದ್ದ ಒಂದೇ ಸ್ವಂತ ಜಾಗ ಚರ್ಚು. ನಾಗರಿಕ ಹಕ್ಕುಗಳ ಚಳವಳಿ ಅಲ್ಲಿಂದಲೇ ಎದ್ದದ್ದು. ಇವತ್ತಿಗೂ ಡೆಮಾಕ್ರಟಿಕ್ ಅಭ್ಯರ್ಥಿಗಳು ಚುನಾವಣೆ ಹತ್ತಿರ ಬಂದಾಗ ಭಾನುವಾರ ಅಲ್ಲಿ ಹಾಜರ್. 2024ರ ಅಕ್ಟೋಬರ್ 20ರಂದು, ತಮ್ಮ ಅರವತ್ತನೇ ಹುಟ್ಟುಹಬ್ಬದ ದಿನ, ಕಮಲಾ ಹ್ಯಾರಿಸ್ ಅಟ್ಲಾಂಟಾ ಹತ್ತಿರದ ನ್ಯೂ ಬರ್ತ್ ಚರ್ಚಿನಲ್ಲಿ ಮಾತಾಡಿದ್ರು. ಇದನ್ನ ತೋರಿಸಿ 'ಅವರಿಗೊಂದು ನ್ಯಾಯ ನಮಗೊಂದು ನ್ಯಾಯವಾ' ಅಂತ ಇನ್ನೊಂದು ಕಡೆಯವರು ಕೇಳ್ತಾರೆ. ಅಭ್ಯರ್ಥಿ ಬಂದು ಮಾತಾಡೋದಕ್ಕೂ ಚರ್ಚು ಬೆಂಬಲ ಘೋಷಿಸೋದಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದೆ, ನಿಜ. ಆದ್ರೆ ಬೆಂಚಲ್ಲಿ ಕೂತವರಿಗೆ ಆ ವ್ಯತ್ಯಾಸ ಎಷ್ಟು ಕಾಣುತ್ತೆ ಅನ್ನೋದು ನ್ಯಾಯವಾದ ಪ್ರಶ್ನೆಯೇ.

ಇನ್ನು ಕಾನೂನನ್ನೇ ಕಿತ್ತು ಹಾಕೋ ಪ್ರಯತ್ನ. 2017ರ ಫೆಬ್ರವರಿಯಲ್ಲಿ ಟ್ರಂಪ್ ಈ ತಿದ್ದುಪಡಿಯನ್ನ ನಾಶ ಮಾಡ್ತೀನಿ ಅಂದ್ರು, ಮೇ 4ರಂದು ಒಂದು ಆದೇಶಕ್ಕೆ ಸಹಿ ಹಾಕಿದ್ರು. ಆದ್ರೆ ಸಂಸತ್ತು ಮಾಡಿದ ಕಾನೂನನ್ನ ಅಧ್ಯಕ್ಷರ ಆದೇಶ ಅಳಿಸೋಕಾಗಲ್ಲ. ಅದೇ ವರ್ಷದ ತೆರಿಗೆ ಮಸೂದೆಯಲ್ಲಿ ಕೆಳಮನೆ ಇದನ್ನ ಸಡಿಲ ಮಾಡೋ ಅಂಶ ಸೇರಿಸಿತು. ಅದರಿಂದ ಹತ್ತು ವರ್ಷದಲ್ಲಿ ಖಜಾನೆಗೆ 200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಅಂತ ಸಂಸತ್ತಿನದೇ ತೆರಿಗೆ ಸಮಿತಿ ಅಂದಾಜು ಮಾಡಿತು. ಬರೀ ಮಾತಿನ ಸ್ವಾತಂತ್ರ್ಯದ ಪ್ರಶ್ನೆ ಆಗಿದ್ರೆ ಖಜಾನೆಗೆ ಯಾಕೆ ನಷ್ಟ? ರಾಜಕೀಯ ದೇಣಿಗೆಗಳು ದತ್ತಿ ದಾನದ ವೇಷ ಹಾಕ್ಕೊಂಡು ಬರ್ತವೆ ಅನ್ನೋದು ಆ ಅಂಕಿಯ ಅರ್ಥ. ಕೊನೆಗೆ ಸೆನೆಟ್ ನಿಯಮಕ್ಕೆ ಹೊಂದಲ್ಲ ಅಂತ ಆ ಅಂಶ ಬಿದ್ದುಹೋಯ್ತು. ಆ ವರ್ಷ ರದ್ದತಿ ಬೇಡ ಅಂತ ಪತ್ರಕ್ಕೆ ಸಹಿ ಹಾಕಿದ ಧಾರ್ಮಿಕ ಮುಖಂಡರೇ ನಾಲ್ಕು ಸಾವಿರಕ್ಕೂ ಹೆಚ್ಚು.

ಪಾದ್ರಿಗಳೇ ಯಾಕೆ ಬೇಡ ಅಂದ್ರು? ಸ್ವಲ್ಪ ಯೋಚಿಸಿ. ಇನ್ನೂರು ಕುಟುಂಬ ಇರೋ ಒಂದು ಊರಿನ ಚರ್ಚು. ಅರ್ಧ ಜನ ಆ ಪಕ್ಷ, ಅರ್ಧ ಜನ ಈ ಪಕ್ಷ. ಚರ್ಚಿನ ಚಾವಣಿಗೆ ದುಡ್ಡು ಕೊಟ್ಟ ಊರಿನ ಶ್ರೀಮಂತರು ಬಂದು, ಈ ಭಾನುವಾರ ನಮ್ಮ ಅಭ್ಯರ್ಥಿ ಬಗ್ಗೆ ಎರಡು ಮಾತು ಹೇಳಿ ಅಂತಾರೆ. ಇವತ್ತು ಆ ಪಾದ್ರಿಗೆ ಒಂದು ಗಟ್ಟಿ ನೆಪ ಇದೆ: ಕ್ಷಮಿಸಿ, ಕಾನೂನು ಬಿಡಲ್ಲ. ಆ ನೆಪ ಹೋದ ದಿನ ಅವರ ಹತ್ತಿರ ಉಳಿಯೋದು ಬರೀ ಧೈರ್ಯ. ನಮ್ಮ ಊರಿನ ಜಾತ್ರೆ ಕಮಿಟಿಯಲ್ಲಿ ಇದ್ದವರಿಗೆ ಈ ಒತ್ತಡ ಹೇಗಿರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ 2025ಕ್ಕೆ ಬರೋಣ. ಹಿಂದಿನ ವರ್ಷ ಟೆಕ್ಸಾಸ್‌ನ ಎರಡು ಚರ್ಚುಗಳು, ಧಾರ್ಮಿಕ ಪ್ರಸಾರಕರ ರಾಷ್ಟ್ರೀಯ ಸಂಘ ಮತ್ತು ಇನ್ನೊಂದು ಸಂಸ್ಥೆ ಸೇರಿ ಟೆಕ್ಸಾಸ್‌ನ ಫೆಡರಲ್ ಕೋರ್ಟಿನಲ್ಲಿ ಈ ತಿದ್ದುಪಡಿಯ ವಿರುದ್ಧ ದಾವೆ ಹೂಡಿದ್ವು. ಜುಲೈ 7ರಂದು ದಾವೆ ಹೂಡಿದವರೂ ಐಆರ್‌ಎಸ್ಸೂ ಜಂಟಿಯಾಗಿ ಒಂದು ರಾಜಿ ತೀರ್ಪಿನ ಕೋರಿಕೆ ಸಲ್ಲಿಸಿದ್ರು. ಅದರ ತಿರುಳು: ಪ್ರಾರ್ಥನಾ ಮಂದಿರವೊಂದು ತನ್ನ ಸಭೆಯ ಜನರಿಗೆ, ಪೂಜೆಯ ಸಂದರ್ಭದಲ್ಲಿ, ತನ್ನ ಎಂದಿನ ಮಾಧ್ಯಮಗಳ ಮೂಲಕ, ನಂಬಿಕೆಯ ದೃಷ್ಟಿಯಿಂದ ಚುನಾವಣೆಯ ಬಗ್ಗೆ ಮಾತಾಡಿದ್ರೆ ಅದು ಪ್ರಚಾರದಲ್ಲಿ ಭಾಗವಹಿಸಿದ ಹಾಗಲ್ಲ. ಮನೆಯವರೊಳಗೆ ಅಭ್ಯರ್ಥಿಗಳ ಬಗ್ಗೆ ಮಾತಾಡಿಕೊಂಡ ಹಾಗೆ ಅಂತ ಹೋಲಿಕೆ ಕೊಟ್ಟಿದ್ರು. ಚರ್ಚು ಮತ್ತು ಸರ್ಕಾರ ಬೇರೆ ಇರಬೇಕು ಅನ್ನೋ ಹಳೇ ಸಂಘಟನೆಯೊಂದು, ಎದುರಾಳಿಗಳಿಬ್ಬರೂ ಒಂದೇ ಕಡೆ ಕೂತ್ರೆ ಕಾನೂನಿನ ಪರ ವಾದಿಸೋರು ಯಾರು ಅಂತ, ತಾನೇ ನಡುವೆ ಬರೋಕೆ ಅನುಮತಿ ಕೇಳಿತು. ನಾವು ಯಾವ ಅಭ್ಯರ್ಥಿಯನ್ನೂ ಬೆಂಬಲಿಸಲ್ಲ, ನಮ್ಮ ನಿಲುವು ಬದಲಾಗಲ್ಲ ಅಂತ ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಒಕ್ಕೂಟ ಅದೇ ತಿಂಗಳು ಹೇಳಿತು.

ಮನೆಮಾತು ಅನ್ನೋ ಹೋಲಿಕೆ ಕಿವಿಗೆ ಹಿತವಾಗಿದೆ. ಒಬ್ಬ ಪಾದ್ರಿ ತನ್ನ ಮುಂದೆ ಕೂತ ಎಂಬತ್ತು ಜನಕ್ಕೆ ತನ್ನ ಆತ್ಮಸಾಕ್ಷಿಯ ಮಾತು ಹೇಳೋದನ್ನ ತೆರಿಗೆ ಅಧಿಕಾರಿ ಅಳೀಬೇಕಾ ಅಂದ್ರೆ, ನನಗೂ ಬೇಡ ಅನ್ನಿಸುತ್ತೆ. ಆದ್ರೆ ಇವತ್ತು 'ಎಂದಿನ ಮಾಧ್ಯಮ' ಅಂದ್ರೆ ಏನು? ಯೂಟ್ಯೂಬ್ ಲೈವ್, ಫೇಸ್‌ಬುಕ್, ಚರ್ಚಿನದೇ ಆ್ಯಪ್, ಟಿವಿ ಚಾನೆಲ್. ನಿಮ್ಮ ಫೋನಿಗೂ ಬರುತ್ತೆ ಆ ಮನೆಮಾತು. ಆ ಕ್ಯಾಮೆರಾ, ಆ ಸ್ಟುಡಿಯೋ, ಆ ಆ್ಯಪ್ ಎಲ್ಲಾ ನಡೆಯೋದು ತೆರಿಗೆ ರಿಯಾಯಿತಿಯ ಕಾಣಿಕೆಯಲ್ಲಿ. ಲಕ್ಷ ಜನ ನೋಡೋ ಮನೆಮಾತಿಗೂ ಜಾಹೀರಾತಿಗೂ ಏನು ವ್ಯತ್ಯಾಸ?

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಉಪದೇಶದ ಪದ ಪದ ಹಿಡಿದು ಕೂರೋದು ಐಆರ್‌ಎಸ್‌ಗೆ ಯಾವತ್ತೂ ಸಾಧ್ಯ ಆಗಿಲ್ಲ, ಆಲ್ ಸೇಂಟ್ಸ್ ಪ್ರಕರಣ ನೋಡಿದ್ರೆ ಸಾಕು. ಅದನ್ನ ಬಿಡಲಿ. ಹಿಡೀಬೇಕಾದ್ದು ದುಡ್ಡನ್ನ. ಪಿಯರ್ಸ್ ಕ್ರೀಕ್ ಥರದ ಜಾಹೀರಾತನ್ನ, ಕಾಣಿಕೆ ದುಡ್ಡಲ್ಲಿ ಅಚ್ಚಾದ ಕರಪತ್ರವನ್ನ, ಚುನಾವಣೆಗೆ ಅಂತಲೇ ಖರೀದಿಸಿದ ಪ್ರಸಾರ ಸಮಯವನ್ನ. ಜೊತೆಗೆ, ಲೆಕ್ಕಪತ್ರ ಕೊಡಬೇಕಿಲ್ಲ ಅನ್ನೋ ವಿನಾಯಿತಿ ಮೇಲೂ ಕಣ್ಣಿಡಬೇಕು. ವಾಷಿಂಗ್ಟನ್‌ನ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್, ನೀತಿ ನಿರೂಪಣೆಯ ಮೇಲೆ ಪ್ರಭಾವ ಬೀರೋ ಸಂಸ್ಥೆ, 2020ರಲ್ಲಿ ಐಆರ್‌ಎಸ್‌ನಿಂದ 'ಚರ್ಚುಗಳ ಒಕ್ಕೂಟ' ಅನ್ನೋ ಮಾನ್ಯತೆ ಪಡೆಯಿತು. ಅದರೊಂದಿಗೆ ವಾರ್ಷಿಕ ಲೆಕ್ಕ ಬಹಿರಂಗ ಮಾಡೋ ಕಟ್ಟುಪಾಡು ಹೋಯ್ತು. ಚರ್ಚು ಅನ್ನಿಸಿಕೊಳ್ಳೋದು ಹೀಗೆ ಲಾಭದಾಯಕ ಆದಾಗ, ಮೈಕಿನ ಮಿತಿಯನ್ನೂ ತೆಗೆದ್ರೆ, ಚರ್ಚು ಅಂತ ಬೋರ್ಡು ಹಾಕ್ಕೊಳ್ಳೋಕೆ ಎಷ್ಟು ಜನ ಸಾಲಲ್ಲಿ ನಿಲ್ತಾರೆ ಅಂತ ನೀವೇ ಊಹಿಸಿ.

ಕೊನೆಗೆ ಒಂದು ಪ್ರಶ್ನೆ, ಅಮೆರಿಕದಲ್ಲಿರೋ ಕೇಳುಗರೊಬ್ಬರದು. 'ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಲೋಕಲ್ ಎಲೆಕ್ಷನ್‌ಗೆ ನಿಂತಿರೋರು ಬಂದು ದೀಪ ಹಚ್ಚಿದ್ರೆ ತಪ್ಪಾ? ದೇವಸ್ಥಾನದ ಹಾಲ್‌ನಲ್ಲಿ ಅವರ ಸಭೆ ಇಡಬಹುದಾ?'

ಒಳ್ಳೆ ಪ್ರಶ್ನೆ, ಯಾಕಂದ್ರೆ ಅಲ್ಲಿನ ನಮ್ಮ ದೇವಸ್ಥಾನಗಳು, ಅನೇಕ ಕನ್ನಡ ಕೂಟಗಳು ಅದೇ 501(ಸಿ)(3) ಒಳಗೇ ಬರ್ತವೆ. ರಸೀದಿಯಲ್ಲೇ ಬರೆದಿರುತ್ತೆ, ನೋಡಿ. ದೀಪ ಹಚ್ಚೋದು ತಪ್ಪಲ್ಲ. ಊರಿನ ಗಣ್ಯರು ಅಂತ ಕರೆದು, ಚುನಾವಣೆ ಮಾತೆತ್ತದೆ ಕಳಿಸಿದ್ರೆ ತೊಂದರೆ ಇಲ್ಲ. ಚುನಾವಣೆ ಬಗ್ಗೆಯೇ ಮಾತಾಡಿಸ್ತೀವಿ ಅಂದ್ರೆ ಎದುರಾಳಿಗೂ ಅದೇ ಅವಕಾಶ ಕೊಡಿ. ಹಾಲ್ ಬಾಡಿಗೆಗೆ ಕೊಡಬಹುದು, ಆದ್ರೆ ಎಲ್ಲರಿಗೂ ಸಿಗೋ ಹಾಗಿರಬೇಕು, ಮಾಮೂಲಿ ಬಾಡಿಗೆಯನ್ನೇ ತಗೋಬೇಕು, 'ನಮ್ಮೋರು' ಅಂತ ಪುಕ್ಕಟೆ ಕೊಡೋ ಹಾಗಿಲ್ಲ. ಇನ್ನೊಂದು ವಿಷಯ. 2025ರ ಆ ಕೋರಿಕೆಯಲ್ಲಿ ಹೇಳಿರೋದು ಪ್ರಾರ್ಥನಾ ಮಂದಿರಗಳ ಬಗ್ಗೆ ಮಾತ್ರ. ಅದನ್ನ ಅಕ್ಷರಶಃ ತಗೊಂಡ್ರೂ ಮಂಗಳಾರತಿ ಆದ ಮೇಲೆ ಅರ್ಚಕರು ಹೇಳಬಹುದಾದ ಮಾತನ್ನ ಕೂಟದ ಅಧ್ಯಕ್ಷರು ಹೇಳೋ ಹಾಗಿಲ್ಲ. ಹಾಗಾಗಿ ಅಭ್ಯರ್ಥಿ ಬರಲಿ, ದೀಪ ಹಚ್ಚಲಿ, ಒಬ್ಬಟ್ಟು ತಿನ್ನಲಿ. ವಂದನಾರ್ಪಣೆ ಮಾಡೋರ ಕೈಗೆ ಮೈಕ್ ಕೊಡೋ ಮುಂಚೆ ಮಾತ್ರ ಅವರಿಗೆ ಇದನ್ನೊಂದು ಸಲ ಕೇಳಿಸಿಬಿಡಿ.